ಗಾಳ ಹಾಕುವವರಿಂದ ಗ್ರೂಪ್ ಉಳಿಸಿಕೊಳ್ಳುವುದು ಹೇಗೆ

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಒಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. 2017ರ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಜನ ಸಿಗದೆ ಒದ್ದಾಡುತ್ತಿದ್ದ ನಾಲ್ಕು ಮನೆಯವರು ಅಂಗಡಿಗೆ ಬಂದರು. "ಅಕ್ಕಾ, ಒಂದು ವಾಟ್ಸಾಪ್ ಗ್ರೂಪ್ ಮಾಡಿ ಕೊಡಿ, ನಿಮಗೆ ಅದೆಲ್ಲ ಗೊತ್ತುಂಟಲ್ಲ" ಅಂದರು. ಮಾಡಿ ಕೊಟ್ಟೆ. ಮಾಡಿದವಳೇ ಅಡ್ಮಿನ್ ಆದೆ.

ಆಗ ಒಂದು ಗ್ರೂಪಿನಲ್ಲಿ 256 ಜನಕ್ಕೆ ಮಾತ್ರ ಜಾಗ. ಎಲ್ಲರೂ ಗುರುತಿನವರೇ. 2022ರಲ್ಲಿ ವಾಟ್ಸಾಪ್ ಆ ಮಿತಿಯನ್ನು ಮೊದಲು 512ಕ್ಕೆ, ಆಮೇಲೆ 1024ಕ್ಕೆ ಏರಿಸಿತು. ನಮ್ಮಲ್ಲೂ ಜನ ತುಂಬಿದರು. ಪೆರ್ಲ, ನೀರ್ಚಾಲು, ಮುಳ್ಳೇರಿಯ, ಗಡಿಯಾಚೆಯ ಅಡ್ಯನಡ್ಕ, ಬೆಂಗಳೂರು, ದುಬೈ. ಹೊಸದಾಗಿ ಬಂದವರಲ್ಲಿ ಅರ್ಧ ಮಂದಿ ಯಾವ ಮನೆಯವರು ಅಂತಲೇ ಗೊತ್ತಾಗುತ್ತಿರಲಿಲ್ಲ. ತಕರಾರು ಶುರುವಾದದ್ದು ಅಲ್ಲಿಂದ.

ಬೇಕೆಂದೇ ಜಗಳ ಹಚ್ಚುವವರನ್ನು ಇಂಟರ್ನೆಟ್ಟಿನಲ್ಲಿ ಟ್ರೋಲ್ ಅನ್ನುತ್ತಾರೆ. ನಮ್ಮ ಕಡೆ ಆ ಮಾತು ಹೇಳಿದರೆ ಅರ್ಥವೇ ಬೇರೆಯಾಗುತ್ತದೆ. ಕೇರಳದಲ್ಲಿ ಟ್ರೋಲ್ ಅಂದರೆ ಸಿನಿಮಾದ ಚಿತ್ರಕ್ಕೆ ತಮಾಷೆ ಮಾತು ಸೇರಿಸಿ ಹರಿಯಬಿಡುವುದು, ಎಲ್ಲರೂ ನಗುತ್ತಾರೆ. ಕಡಲ ಕರೆಯವರ ಹತ್ತಿರ ಟ್ರೋಲಿಂಗ್ ಅಂದರೆ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ, 52 ದಿನ, ದೊಡ್ಡ ಬೋಟುಗಳಿಗೆ ಇರುವ ಮೀನುಗಾರಿಕೆ ನಿಷೇಧ ನೆನಪಾಗುತ್ತದೆ. ಅದು ನಿಜವಾಗಿ ಟ್ರಾಲಿಂಗ್, ಬಲೆ ಎಳೆಯುವುದು. ಟ್ರೋಲಿಂಗ್ ಬೇರೆ: ಓಡುವ ದೋಣಿಯ ಹಿಂದೆ ಗಾಳ ಇಳಿಬಿಟ್ಟು, ಯಾವ ಮೀನು ಕಚ್ಚುತ್ತದೋ ಅಂತ ಕಾಯುತ್ತ ಹೋಗುವುದು. 1990ರ ದಶಕದ ಶುರುವಿನಲ್ಲಿ ಯೂಸ್‌ನೆಟ್ ಎಂಬ ಚರ್ಚಾಕೂಟಗಳಲ್ಲಿ ಹಳೆಯ, ಹಳಸಿದ ಪ್ರಶ್ನೆಯನ್ನು ಬೇಕೆಂದೇ ಎಸೆದು ಹೊಸಬರು ಕಚ್ಚುವುದನ್ನು ನೋಡಿ ನಗುತ್ತಿದ್ದರು. ಆ ಆಟಕ್ಕೆ ಈ ಹೆಸರು ಬಂತು. ಹಾಗಾಗಿ ನಾನು ಇವರನ್ನು ಗಾಳದವರು ಅಂತಲೇ ಕರೆಯುತ್ತೇನೆ.

ನಮ್ಮ ಗಾಳದವನ ಫೋಟೋ ಇರಬೇಕಾದಲ್ಲಿ ಒಂದು ಅಡಿಕೆ ಮರ ಇತ್ತು. ಯಾವ ಮನೆ ಅಂತ ಕೇಳಿದರೆ, "ಮನೆ ಯಾವುದಾದರೇನು ಅಕ್ಕಾ, ಅಡಿಕೆ ಒಂದೇ ಅಲ್ವಾ" ಅಂದ. ಮಾತು ಚಂದ ಇದೆ ಅಂತ ನಾನೂ ನಕ್ಕು ಬಿಟ್ಟೆ. 2022ರ ನವೆಂಬರ್ 1 ಬಂತು. ಕಾಸರಗೋಡಿನವರಿಗೆ ಆ ದಿನ ಎಂಥದ್ದು ಅಂತ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಕರ್ನಾಟಕದಲ್ಲಿ ಅವತ್ತು ರಾಜ್ಯೋತ್ಸವ. ಕೇರಳದಲ್ಲಿ ಅವತ್ತೇ ಕೇರಳ ಪಿರವಿ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ. 1956ರ ಅದೇ ದಿನ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ್ದು. ನಮ್ಮ ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಎರಡೂ ಶುಭಾಶಯಗಳು ಬರುತ್ತವೆ, ಯಾರೂ ಏನೂ ಹೇಳುವುದಿಲ್ಲ. ಅವತ್ತು ರಾತ್ರಿ ಒಂಬತ್ತು ಗಂಟೆಗೆ ಈ ಪುಣ್ಯಾತ್ಮ ಬರೆದ: "ಇವತ್ತು ನಾವು ಶುಭಾಶಯ ಹೇಳುವುದಾ, ಸಂತಾಪ ಹೇಳುವುದಾ? ಸುಮ್ನೆ ಕೇಳಿದೆ."

ಅಷ್ಟೇ. ಆಮೇಲೆ ಅವನದ್ದು ಒಂದಕ್ಷರ ಇಲ್ಲ. ಒಬ್ಬರು ಗಡಿ ತಕರಾರಿನ ಮಹಾಜನ ವರದಿ ತೆಗೆದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ 1967ರಲ್ಲೇ ಹೇಳಿತ್ತಲ್ಲ ಅಂದರು. ಇನ್ನೊಬ್ಬರು, ಕೇರಳದ ರೇಷನ್ ತಿಂದು ಹೀಗೆ ಮಾತಾಡುವುದಾ ಅಂದರು. ತುಳುವಿನಲ್ಲಿ ಬೈದವರುಂಟು, ಮಲಯಾಳದಲ್ಲಿ ಬೈದವರುಂಟು. ನಾನು ಹನ್ನೆರಡು ಗಂಟೆ ರಾತ್ರಿ ಎದ್ದು ಕೂತು, ಎಲ್ಲರಿಗೂ ಬುದ್ಧಿ ಹೇಳುವ ಒಂದು ಮಾರುದ್ದದ ಬರಹ ಹಾಕಿದೆ. ಅದಕ್ಕೇ ಅರುವತ್ತು ಉತ್ತರ ಬಂತು! ಬೆಳಿಗ್ಗೆ ನೋಡಿದರೆ 23 ಜನ ಗ್ರೂಪ್ ಬಿಟ್ಟಿದ್ದರು. ಅದರಲ್ಲಿ ಒಬ್ಬರು ಮಾವ. ದಿನಾ ಬೆಳಿಗ್ಗೆ ತಮ್ಮ ಅಂಗಳದ ಮಳೆಮಾಪಕದ ಲೆಕ್ಕ ಹಾಕುತ್ತಿದ್ದವರು. ಐದು ವರ್ಷದಲ್ಲಿ ಅದು ಬಿಟ್ಟು ಬೇರೊಂದು ಮಾತು ಬರೆದವರಲ್ಲ. ಅವರು ಹೋದದ್ದು ನನಗೆ ತುಂಬಾ ಬೇಸರವಾಯಿತು. ಈ ಬರಹ ಬರೆಯುವುದಕ್ಕೂ ಅವರೇ ಕಾರಣ.

ಮೊದಲು ಗಾಳದವನೇ ಹೌದಾ ನೋಡಿ

ಜಗಳಗಂಟರೆಲ್ಲ ಗಾಳದವರಲ್ಲ. ಇದನ್ನು ತಪ್ಪಿದರೆ ಒಳ್ಳೆಯವರನ್ನು ಕಳೆದುಕೊಳ್ಳುತ್ತೀರಿ. ನಮ್ಮಲ್ಲಿ ಒಬ್ಬರು ದಿನಾ ಮದ್ದು ಬಿಡುವವರ ಮೇಲೆ ಕಿಡಿಕಾರುತ್ತಿದ್ದರು. "ಕಳ್ಳರು, ಎಲ್ಲ ಕಳ್ಳರು" ಅಂತ. ತೆಗೆದುಹಾಕು ಅಂತ ನನಗೆ ಹತ್ತು ಫೋನ್ ಬಂತು. ನಾನು ಅವರಿಗೇ ಫೋನ್ ಮಾಡಿದೆ. ಆ ಮಳೆಗಾಲ ಅವರ ತೋಟದ ಎರಡನೇ ಮದ್ದು ತಪ್ಪಿ, ಕೊಳೆರೋಗ ಬಂದು ಮುಕ್ಕಾಲು ಫಸಲು ಉದುರಿತ್ತು. ಗ್ರೂಪಿನಲ್ಲಿ ಹೇಳಿಕೊಂಡಾಗ ಯಾರೋ ನಗುವ ಮುಖ ಒತ್ತಿದ್ದರಂತೆ. ಅರ್ಧ ಗಂಟೆ ಕೇಳಿಸಿಕೊಂಡೆ. ಅಷ್ಟರಲ್ಲಿ ಸಮಾಧಾನವಾದರು.

ಮಂಗಳೂರಿನಲ್ಲಿ ಓದುವ ನನ್ನ ಮಗಳು ಇದಕ್ಕೆ ಎರಡು ಅಧ್ಯಯನ ಹೇಳಿದಳು. 2014ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರು ಕಂಡದ್ದು: ಜಗಳ ಹಚ್ಚುವುದೇ ಖುಷಿ ಅನ್ನುವವರಲ್ಲಿ ಇನ್ನೊಬ್ಬರ ನೋವು ನೋಡಿ ಸುಖಪಡುವ ಗುಣ ಜಾಸ್ತಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್‌ನವರು ಕಂಡದ್ದು ಬೇರೆ: ಮನಸ್ಸು ಕೆಟ್ಟಿದ್ದಾಗ, ಜೊತೆಗೆ ಮೊದಲೇ ಯಾರೋ ಕೆಟ್ಟದಾಗಿ ಬರೆದಿದ್ದರೆ, ಸಾಧಾರಣ ಜನವೂ ಹಾಗೆಯೇ ಬರೆಯುವ ಸಂಭವ ಹೆಚ್ಚು. ಎರಡೂ ನಿಜವೇ ಅಂತ ನನ್ನ ಅನುಭವ. ಮೊದಲನೆಯ ಜಾತಿಯವನು ನಮ್ಮಲ್ಲಿ ಒಬ್ಬನಿದ್ದ. ಎರಡನೆಯ ಜಾತಿಯವರು ಅವತ್ತು ರಾತ್ರಿ ನೂರು ಜನ, ನಾನೂ ಸೇರಿ.

ಗುರುತಿಸುವುದು ಹೇಗೆ? ನಾನು ಮಾಡಿದ್ದು ಇದು. ಗ್ರೂಪಿನ ಮೆನುವಿನಲ್ಲಿ ಚಾಟ್ ಎಕ್ಸ್‌ಪೋರ್ಟ್ ಅಂತ ಇದೆ. ಫೋಟೋ, ವಿಡಿಯೋ ಬೇಡ ಅಂತ ಒತ್ತಿದರೆ ಬರೀ ಅಕ್ಷರದ ಒಂದು ಫೈಲ್ ಬರುತ್ತದೆ. ಅದನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ಅವನ ನಂಬರ್ ಹುಡುಕಿದೆ. ಎರಡು ತಿಂಗಳಲ್ಲಿ 31 ಸಂದೇಶ. ಅದರಲ್ಲಿ 28 ಪ್ರಶ್ನೆ. ಅಡಿಕೆಯ ಬಗ್ಗೆ ಒಂದೂ ಇಲ್ಲ. ಎಲ್ಲವೂ ರಾತ್ರಿ ಒಂಬತ್ತರ ಆಸುಪಾಸು, ಊಟ ಮುಗಿಸಿ ಎಲ್ಲರೂ ಫೋನ್ ಹಿಡಿಯುವ ಹೊತ್ತು. ಯಾರಾದರೂ ಸರಿಯಾದ ಉತ್ತರ ಕೊಟ್ಟರೆ ಅದಕ್ಕೆ ಮಾತೇ ಇಲ್ಲ, ಪ್ರಶ್ನೆ ಮೆಲ್ಲ ಬೇರೆ ಕಡೆ ಜರುಗುತ್ತದೆ. ಭಾಷೆ ಹೋಗಿ ಜಾತಿ, ಜಾತಿ ಹೋಗಿ ಸಬ್ಸಿಡಿ.

ಇದೇ ನೋಡಬೇಕಾದದ್ದು. ಸಿಟ್ಟಿನ ಮನುಷ್ಯನಿಗೆ ಉತ್ತರ ಬೇಕು, ಸಿಕ್ಕಿದರೆ ನಿಲ್ಲುತ್ತಾನೆ. ಗಾಳದವನಿಗೆ ಉತ್ತರ ಬೇಡ, ಗಲಾಟೆ ಬೇಕು. ಗ್ರೂಪಿನ ಕೆಲಸಕ್ಕೆ ಅವನು ಕೈ ಹಚ್ಚುವುದೂ ಇಲ್ಲ. ಒಂದು ರೇಟು, ಒಂದು ಕೂಲಿಯವರ ನಂಬರ್, ಒಂದು ಮಳೆಯ ಸುದ್ದಿ, ಯಾವುದೂ ಅವನಿಂದ ಬರುವುದಿಲ್ಲ.

ಆದರೂ ಒಂದು ಸಲ ಫೋನ್ ಮಾಡಿ. ಬರೆಯಬೇಡಿ. ಬರೆದರೆ ಅದರ ಸ್ಕ್ರೀನ್‌ಶಾಟ್ ಗ್ರೂಪಿಗೇ ಬರುತ್ತದೆ. "ಊಟ ಆಯ್ತಾ" ಅಂತ ಶುರು ಮಾಡಿ. ಯಾಕೆ ಬರೆದಿರಿ ಅಂತ ವಿಚಾರಣೆ ಮಾಡಬೇಡಿ. "ನಿನ್ನೆ ನಿಮ್ಮ ಮಾತಿನಿಂದ ಇಂಥವರಿಗೆ ಬೇಸರ ಆಯ್ತು, ನಿಮ್ಮ ಮನಸ್ಸಿನಲ್ಲಿ ಏನಿತ್ತು" ಅಂತ ಕೇಳಿ, ಆಮೇಲೆ ಸುಮ್ಮನಿರಿ. ಹತ್ತರಲ್ಲಿ ಏಳೆಂಟು ಅಲ್ಲೇ ಮುಗಿಯುತ್ತದೆ. ನಮ್ಮ ಪುಣ್ಯಾತ್ಮ ಮಾತ್ರ ನಾಲ್ಕು ಸಲವೂ ಫೋನ್ ಎತ್ತಲಿಲ್ಲ. ಐದನೆಯ ನಿಮಿಷಕ್ಕೆ ಗ್ರೂಪಿನಲ್ಲಿ, "ಅಡ್ಮಿನ್ ಅಕ್ಕ ಗುಟ್ಟಾಗಿ ಫೋನ್ ಮಾಡುವುದು ಯಾಕೆ? ಸುಮ್ನೆ ಕೇಳಿದೆ" ಅಂತ ಬಂತು. ಇನ್ನು ಅನುಮಾನ ಉಳಿಯಲಿಲ್ಲ.

ಕಚ್ಚುವವರನ್ನು ಹಿಡಿಯಿರಿ

ಇಲ್ಲಿಯವರೆಗೆ ಎಲ್ಲರೂ ಹೇಳುವುದು ಒಂದೇ: ಉತ್ತರ ಕೊಡಬೇಡಿ. ನೀವೊಬ್ಬರು ಕೊಡದಿದ್ದರೆ ಏನಾಯ್ತು, ಉಳಿದ ಆರುನೂರು ಜನ? ಅದೇ ಫೈಲಿನಲ್ಲಿ ನವೆಂಬರ್ 1ರ ರಾತ್ರಿಯ ಸಂದೇಶ ಎಣಿಸಿದೆ. ಮುಕ್ಕಾಲು ಪಾಲು ಬರೆದವರು ಏಳೇ ಜನ. ಆ ಏಳೂ ಜನ ನಮ್ಮವರು, ಒಳ್ಳೆಯ ಕೃಷಿಕರು, ಕಷ್ಟಕ್ಕೆ ಆಗುವವರು. ಅವರು ಕಚ್ಚಿದ್ದರಿಂದಲೇ ಗಾಳ ಎಳೆಯಲು ಸಾಧ್ಯವಾದದ್ದು.

ಆ ಏಳು ಜನರನ್ನು ಒಬ್ಬೊಬ್ಬರಾಗಿ ಮಾತಾಡಿಸಿದೆ. ಮೂವರು ಅಂಗಡಿಗೆ ಬರುವವರೇ. "ನಿಮ್ಮ ಮಾತು ಸರಿ ಮಾವ, ಆದರೆ ನೀವು ಬರೆದಷ್ಟೂ ಅವನಿಗೆ ಹಬ್ಬ" ಅಂದೆ. ಫೈಲ್ ತೋರಿಸಿದೆ. ಅವನ ಒಂದು ಸಾಲು, ಅದರ ಕೆಳಗೆ ಇವರದ್ದೇ ಹತ್ತೊಂಬತ್ತು. ಒಬ್ಬರಿಗೆ ನಾಚಿಕೆಯಾಯಿತು. ಇನ್ನೊಬ್ಬರು, "ಸತ್ಯ ಹೇಳುವುದು ತಪ್ಪಾ?" ಅಂತ ನನಗೇ ರೇಗಿದರು. ಅವರ ಕತೆ ಮುಂದೆ ಹೇಳುತ್ತೇನೆ. ಉಳಿದವರ ಹತ್ತಿರ ಒಂದು ಒಪ್ಪಂದವಾಯಿತು: ಇಂಥದ್ದು ಕಂಡರೆ ಗ್ರೂಪಿನಲ್ಲಿ ಬರೆಯುವ ಬದಲು ನನಗೆ ಬರೆದು ಬೈಯಬೇಕು. ಈಗಲೂ ಬೈಯುತ್ತಾರೆ. ನಾನು ಓದಿ ಒಂದು ಕೈಮುಗಿಯುವ ಚಿತ್ರ ಕಳಿಸುತ್ತೇನೆ.

ಇದರ ಜೊತೆಗೆ ಮಾತನ್ನು ತಿರುಗಿಸುವುದನ್ನು ಕಲಿಯಬೇಕು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಸೀಮೆಯವರು ನಾವು, ಇದನ್ನು ಯಕ್ಷಗಾನದಲ್ಲೇ ನೋಡಿದ್ದೇವೆ. ವೇಷಧಾರಿ ಅರ್ಥ ಹೇಳುತ್ತ ಹೇಳುತ್ತ ಎಲ್ಲೆಲ್ಲೋ ಹೋದಾಗ ಭಾಗವತರು ಅವರ ಜೊತೆ ವಾದಕ್ಕಿಳಿಯುವುದಿಲ್ಲ. ಮುಂದಿನ ಪದ್ಯ ಎತ್ತುತ್ತಾರೆ. ಚೆಂಡೆ ಶುರುವಾದರೆ ಮಾತು ನಿಲ್ಲಲೇಬೇಕು. ನನ್ನ ಪದ್ಯ ಅಡಿಕೆ ರೇಟು. ಹೊಸತಕ್ಕೆ ಎಷ್ಟು, ಹಳತಕ್ಕೆ ಎಷ್ಟು ಅಂತ ಹಾಕಿದರೆ ಹತ್ತು ನಿಮಿಷದಲ್ಲಿ ಎಲ್ಲರೂ ಅದರ ಹಿಂದೆ. ಮಾರನೆಯ ವರ್ಷದಿಂದ ನವೆಂಬರ್ 1ಕ್ಕೆ ಬೆಳಿಗ್ಗೆಯೇ ಎರಡೂ ಶುಭಾಶಯ ನಾನೇ ಹಾಕಿ, ಕೆಳಗೆ "ಈ ವರ್ಷದ ಮೊದಲ ಕೊಯ್ಲಿನ ಫೋಟೋ ಕಳಿಸಿ" ಅಂತ ಬರೆಯುತ್ತೇನೆ. ಜನಕ್ಕೆ ಮಾಡಲು ಏನಾದರೂ ಕೊಡಬೇಕು.

ಸುಮ್ಮನಿರಬಾರದ ಸಂದರ್ಭವೂ ಉಂಟು. ಒಮ್ಮೆ ಒಬ್ಬ ತಮಾಷೆಗೆ, "ಬೋರ್ಡೋಗೆ ಸುಣ್ಣ ಬೇಡ, ಮೈಲುತುತ್ತು ಮೂರು ಕಿಲೋ ಹಾಕಿ, ಕೊಳೆ ಹತ್ತಿರ ಬರುವುದಿಲ್ಲ" ಅಂತ ಬರೆದ. ಬೋರ್ಡೋ ಅಂದರೆ ಕೊಳೆರೋಗಕ್ಕೆ ಬಿಡುವ ಮೈಲುತುತ್ತು, ಸುಣ್ಣದ ಮದ್ದು. ಸುಣ್ಣ ಇಲ್ಲದ ಮೈಲುತುತ್ತು ಗಿಡವನ್ನೇ ಸುಡುತ್ತದೆ. ಅಂಥದ್ದನ್ನು ಕಂಡ ಕೂಡಲೇ ಅಳಿಸಿ, ಸರಿಯಾದದ್ದನ್ನು ಹಾಕಿ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬರೆದವನನ್ನು ಆಮೇಲೆ ನೋಡಿಕೊಂಡರಾಯಿತು. ಅಡ್ಮಿನ್ ಅಳಿಸಿದರೆ ಯಾರು ಅಳಿಸಿದ್ದು ಅಂತ ಎಲ್ಲರಿಗೂ ಕಾಣುತ್ತದೆ. ಹೆದರಬೇಡಿ, ಕಾಣಲಿ.

ಸೆಟ್ಟಿಂಗ್‌ನಲ್ಲಿರುವ ಬೀಗಗಳು

ಅಡ್ಮಿನ್ ಮಾತ್ರ ಬರೆಯಬಹುದು ಅನ್ನುವ ಬೀಗವನ್ನು ವಾಟ್ಸಾಪ್ 2018ರಲ್ಲೇ ಕೊಟ್ಟಿದೆ. ಇದನ್ನು ದಿನವಿಡೀ ಹಾಕಿದರೆ ಗ್ರೂಪ್ ಸಾಯುತ್ತದೆ. ನಾನು ರಾತ್ರಿ ಒಂಬತ್ತಕ್ಕೆ ಹಾಕಿ ಬೆಳಿಗ್ಗೆ ಆರಕ್ಕೆ ತೆಗೆಯುತ್ತೇನೆ. ಗ್ರೂಪಿನವರು ಅದಕ್ಕೆ "ಟ್ರೋಲಿಂಗ್ ನಿರೋಧನ" ಅಂತ ಹೆಸರಿಟ್ಟಿದ್ದಾರೆ. ಮಲಯಾಳದಲ್ಲಿ ಆ ಮೀನಿನ ನಿಷೇಧಕ್ಕೆ ಹಾಗೇ ಹೇಳುವುದು. ರಾತ್ರಿಯ ಸಿಟ್ಟು ಬೆಳಿಗ್ಗೆ ಹಾಲು ಕರೆಯುವಾಗ ಇರುವುದಿಲ್ಲ.

ಸೇರುವ ಲಿಂಕ್ ಸಿಕ್ಕಿದಲ್ಲೆಲ್ಲ ಹಂಚಬೇಡಿ. ಈಗ ಹೊಸಬರು ಬರಲು ಅಡ್ಮಿನ್ ಒಪ್ಪಿಗೆ ಬೇಕು ಅಂತ ಇಡಬಹುದು, ಇಡಿ. ನಾನು ಕೇಳುವುದು ಒಂದೇ ಪ್ರಶ್ನೆ: ಗ್ರೂಪಿನಲ್ಲಿ ನಿಮ್ಮನ್ನು ಬಲ್ಲವರು ಯಾರು? ಒಂದು ಹೆಸರು ಹೇಳಿದರೆ ಸಾಕು. ನಮ್ಮ ಗಾಳದವನನ್ನು ತೆಗೆದ ಮೂರನೇ ದಿನಕ್ಕೆ ಬೇರೆ ನಂಬರಿನಿಂದ ಅದೇ ಲಿಂಕ್ ಹಿಡಿದು ಒಳಗೆ ಬಂದಿದ್ದ. "ಸುಮ್ನೆ ಕೇಳಿದೆ" ಅಂದಾಗಲೇ ಗೊತ್ತಾಯಿತು. ಯಾರನ್ನಾದರೂ ತೆಗೆದ ದಿನವೇ ಲಿಂಕ್ ಬದಲಿಸಬೇಕು ಅಂತ ಹಾಗೆ ಕಲಿತೆ.

ಅಡ್ಮಿನ್ ಮೂವರಿರಲಿ. ಒಬ್ಬರಾದರೆ ದರ್ಬಾರು ಅನ್ನುತ್ತಾರೆ, ಹತ್ತು ಜನರಾದರೆ ಒಬ್ಬರು ತೆಗೆದವರನ್ನು ಇನ್ನೊಬ್ಬರು ಸೇರಿಸುತ್ತಾರೆ. ನಮ್ಮಲ್ಲಿ ನಾನು, ಊರಿನ ಒಬ್ಬರು ಕೃಷಿಕರು, ದುಬೈಯಲ್ಲಿರುವ ಒಬ್ಬ ತಮ್ಮ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ನಾನು ಬೀಗ ಹಾಕಲು ಮರೆತು ಮಲಗಿದರೆ ಅವನು ಹಾಕುತ್ತಾನೆ. ಮೂವರಲ್ಲಿ ಒಬ್ಬರು ಮಲಯಾಳ ಚೆನ್ನಾಗಿ ಓದುವವರು ಇರಲೇಬೇಕು. ಬೈಗಳವಾ, ಬರೀ ಗಾದೆಯಾ ಅಂತ ತಿಳಿಯದೆ ಅಳಿಸಿದರೆ ಮರ್ಯಾದೆ ಹೋಗುತ್ತದೆ.

ನಿಯಮದ ವಿಷಯ. "ಸಭ್ಯವಾಗಿರಿ" ಅಂತ ಬರೆಯುವುದು ದಂಡ. ಗಾಳದವನು ಯಾವತ್ತೂ ಸಭ್ಯನೇ, ಉಳಿದವರ ಬಾಯಲ್ಲಿ ಬೈಗಳು ಹೊರಡಿಸುವುದು ಅವನ ಕಲೆ. ನಿಮ್ಮ ಗ್ರೂಪಿನ ಹುಣ್ಣು ಯಾವುದು ನೋಡಿ, ಅದಕ್ಕೇ ನಿಯಮ ಮಾಡಿ. ನಮ್ಮದು ನಾಲ್ಕೇ ಸಾಲು, ಕನ್ನಡದಲ್ಲೂ ಮಲಯಾಳದಲ್ಲೂ. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಿರಿ, ಬೇರೆಯವರು ಯಾವ ಭಾಷೆಯಲ್ಲಿ ಬರೆಯಬೇಕು ಅಂತ ಹೇಳಬೇಡಿ. ಇಲ್ಲಿ ತೋಟದ ವಿಷಯ ಮಾತ್ರ. ಧ್ವನಿ ಸಂದೇಶ ಒಂದು ನಿಮಿಷ ದಾಟಬಾರದು. ಗ್ರೂಪಿನ ಕೆಲಸಕ್ಕೆ ಅಡ್ಡಿಯಾದವರನ್ನು ಮೂವರು ಅಡ್ಮಿನ್ ಸೇರಿ ತೆಗೆಯಬಹುದು. ಧ್ವನಿಯ ನಿಯಮ ಯಾಕೆ ಅಂದರೆ, ಅಕ್ಷರದಲ್ಲಿ ಬರೆಯಲು ಹೆದರುವವರು ಎಂಟು ನಿಮಿಷದ ಧ್ವನಿಯಲ್ಲಿ ವಿಷ ಕಕ್ಕುತ್ತಾರೆ. ಪೂರ್ತಿ ಕೇಳುವ ಕರ್ಮ ಅಡ್ಮಿನ್‌ನದ್ದು.

ತೆಗೆಯುವ ದಿನ

ತೆಗೆಯುವುದಾದರೆ ಮಧ್ಯಾಹ್ನ ತೆಗೆಯಿರಿ, ಸಿಟ್ಟಿನ ನಡುವೆ ಬೇಡ. ಮೊದಲು ಖಾಸಗಿಯಾಗಿ ಒಂದು ಎಚ್ಚರಿಕೆ, ಎರಡೇ ಸಾಲು. ಅದಕ್ಕೂ ಬಗ್ಗದಿದ್ದರೆ ಉಳಿದಿಬ್ಬರು ಅಡ್ಮಿನ್‌ಗಳ ಒಪ್ಪಿಗೆ ಪಡೆದು, ಬೇಕಾದ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ತೆಗೆಯಿರಿ. ಗ್ರೂಪಿನಲ್ಲಿ "ನಾಲ್ಕನೇ ನಿಯಮದಂತೆ ಒಬ್ಬರನ್ನು ತೆಗೆದಿದ್ದೇವೆ. ಕೇಳಲು ಇದ್ದರೆ ನನಗೆ ಫೋನ್ ಮಾಡಿ" ಅಂತ ಬರೆದು ನಿಲ್ಲಿಸಿ. ಹೆಸರು ಬೇಡ, ವಿವರ ಬೇಡ. ಎರಡು ದಿನ ಫೋನ್ ಬರುತ್ತದೆ. ಹೆಚ್ಚಿನವರು ವಿಷಯ ತಿಳಿಯಲು ಮಾತ್ರ.

ಕಾನೂನಿನ ಭಯ ಕೆಲವರಿಗೆ. ಯಾರೋ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಅಂತ ಒಂದು ಫಾರ್ವರ್ಡ್ ವರ್ಷಕ್ಕೊಮ್ಮೆ ಸುತ್ತುತ್ತದೆ. ಸದಸ್ಯ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಹೊಣೆ ಮಾಡಲಾಗದು ಅಂತ ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಹಾಗಂತ ಕೊಲೆ ಬೆದರಿಕೆ, ಕೋಮು ಕೆರಳಿಸುವ ಮಾತು ಬಂದರೆ ನೀವೇ ಪಂಚಾಯಿತಿಗೆ ಕೂರಬೇಡಿ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಅಳಿಸುವುದು, ಆಮೇಲೆ ಪೊಲೀಸ್. ನಾನು ಒಮ್ಮೆ ಗಡಿಬಿಡಿಯಲ್ಲಿ ಮೊದಲೇ ಅಳಿಸಿ, ತೋರಿಸಲು ಏನೂ ಇಲ್ಲದೆ ನಿಂತಿದ್ದೆ. ಲಿಂಕ್ ಒತ್ತಿ ದುಡ್ಡು ಕಳೆದುಕೊಂಡವರಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿಸಿ.

ಗುರುತಿಲ್ಲದವನನ್ನು ತೆಗೆಯುವುದು ಸುಲಭ. ಕಷ್ಟವಾದದ್ದು ಆ ಏಳನೆಯವರನ್ನು, "ಸತ್ಯ ಹೇಳುವುದು ತಪ್ಪಾ" ಅಂದವರನ್ನು. ಗಾಳದವನು ಹೋದ ಮೇಲೂ ಅವರಿಗೆ ಆ ರುಚಿ ಹೋಗಲಿಲ್ಲ. ಮಲಯಾಳದಲ್ಲಿ ಯಾರು ಬರೆದರೂ ಕೆಳಗೆ ಒಂದು ಕೊಂಕು. ಸಂಬಂಧದಲ್ಲಿ ನನಗೆ ಭಾವ ಆಗಬೇಕು. ನಾಳೆ ಮದುವೆ ಊಟದ ಪಂಕ್ತಿಯಲ್ಲಿ ಎದುರು ಕೂರಬೇಕಾದವರು. ಅವರಿಗೆ ನಾನು ಫೋನಿನಲ್ಲೂ ಹೇಳಲಿಲ್ಲ, ಮನೆಗೇ ಹೋದೆ. ಅಕ್ಕ ಕಾಫಿ ತಂದಿಟ್ಟರು. "ಭಾವ, ಮೂರು ತಿಂಗಳು ನಿಮ್ಮನ್ನು ಗ್ರೂಪಿನಿಂದ ಹೊರಗಿಡುತ್ತೇವೆ. ಆಮೇಲೆ ನಾನೇ ಸೇರಿಸುತ್ತೇನೆ" ಅಂದೆ. ಅವರು ಮಾತಾಡಲಿಲ್ಲ. ಅಕ್ಕ ಒಳಗಿನಿಂದ, "ಆರು ತಿಂಗಳು ಮಾಡು ಮಾರಾಯ್ತಿ, ಇಲ್ಲಿ ರಾತ್ರಿ ನಿದ್ದೆ ಬರಲಿ" ಅಂದರು.

ಊರಿನವರಿಗೆ ಹೀಗೆ ಅವಧಿ ಹೇಳಿ ತೆಗೆಯುವುದು ಒಳ್ಳೆಯದು. ವಾಪಸ್ ಬರುವ ದಾರಿ ಗೊತ್ತಿದ್ದರೆ ಬೇರೆ ಗ್ರೂಪ್ ಕಟ್ಟಿ ಕತ್ತಿ ಮಸೆಯುವುದಿಲ್ಲ. ಮಳೆ ಲೆಕ್ಕದ ಮಾವನ ಮನೆಗೂ ಅದೇ ವಾರ ಹೋದೆ. "ನನಗೆ ಬೇಡ ಮಗಾ, ಅಲ್ಲಿ ಓದಿದರೆ ಎದೆ ಡವಗುಟ್ಟುತ್ತದೆ" ಅಂದರು. ರಾತ್ರಿ ಬೀಗ ಹಾಕುವುದನ್ನು ಹೇಳಿದೆ, ನಿಯಮ ಓದಿದೆ. ಎರಡು ತಿಂಗಳು ಬಿಟ್ಟು ಮೊಮ್ಮಗಳ ಕೈಯಲ್ಲಿ ಹೇಳಿಸಿದರು, ಸೇರಿಸಬಹುದಂತೆ. ಬಿಟ್ಟುಹೋದ 23ರಲ್ಲಿ ಹೀಗೆ ಮನೆಗೆ ಹೋಗಿ, ಫೋನ್ ಮಾಡಿ ಕರೆತಂದದ್ದು 14 ಜನ. ಉಳಿದವರು ಬರಲಿಲ್ಲ.

ಭಾವ ಎರಡೂವರೆ ತಿಂಗಳಿಗೆ ಅಂಗಡಿಗೆ ಬಂದರು. ಜಾಗದ ತೆರಿಗೆ ರಶೀದಿಯ ಮೂರು ಜೆರಾಕ್ಸ್. ದುಡ್ಡು ಕೊಟ್ಟು ಹೊರಟವರು ಮೆಟ್ಟಿಲಲ್ಲಿ ನಿಂತು, "ಇವತ್ತು ಹೊಸತಕ್ಕೆ ಎಷ್ಟಂತೆ?" ಅಂದರು. ಹೇಳಿದೆ. ಹದಿನೈದು ದಿನ ಮೊದಲೇ ಸೇರಿಸಿದೆ, ಉಳಿದಿಬ್ಬರು ಅಡ್ಮಿನ್‌ಗಳ ಹತ್ತಿರ ಬೈಗಳು ತಿಂದೆ. ಈಗ ಕೊಂಕು ಇಲ್ಲ. ಧ್ವನಿ ಸಂದೇಶ ಮಾತ್ರ ಒಂದು ನಿಮಿಷ ದಾಟುತ್ತದೆ. ಅದನ್ನು ನಾನು ನೋಡಿಯೂ ನೋಡದ ಹಾಗೆ ಇದ್ದೇನೆ.